ಖಾಲಾ ಕಲಿಸಿದ ಮೈದಾ ರೊಟ್ಟಿ

ಪಕ್ಕದ ಮನೆಯವರನ್ನು ನಾನು ಖಾಲಾ ಅನ್ನುತ್ತಿದ್ದೆ, ಅವರ ಮಾತಿನಲ್ಲಿ ಚಿಕ್ಕಮ್ಮ. ಅವರ ಬಲಗೈ ಮಣಿಕಟ್ಟು ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಬಿದ್ದು ಮುರಿದದ್ದನ್ನು ಯಾರೋ ಹಾಗೇ ಕಟ್ಟಿಬಿಟ್ಟಿದ್ದರಂತೆ. ಆ ಕೈಯಲ್ಲಿ ತುಂಬಿದ ಕೊಡ ಎತ್ತಲಾಗುತ್ತಿರಲಿಲ್ಲ. ಲಟ್ಟಣಿಗೆ ಹಿಡಿದರೆ ಮಾತ್ರ ಮಣೆಯ ಮೇಲೆ ರೊಟ್ಟಿ ತಾನೇ ತಿರುಗುತ್ತಾ ಹರಡಿಕೊಳ್ಳುತ್ತಿತ್ತು.

ಹರಿಹರದಲ್ಲಿ ನಮ್ಮದು ಒಂದೇ ಗೋಡೆಯ ಎರಡು ಬಾಡಿಗೆ ಮನೆ. ನನ್ನ ಗಂಡ ತೀರಿಕೊಂಡ ವರ್ಷ ಮಾಯಕೊಂಡದಿಂದ ಅಣ್ಣ ಬಂದ. "ಸಾಮಾನು ಕಟ್ಟು, ನಮ್ಮನೇಲಿ ಒಂದು ಮೂಲ್ಯಾಗ ಇದ್ದುಬಿಡು" ಎಂದ. ಅಣ್ಣ ಒಳ್ಳೆಯವನೇ. ಆದರೆ ಆ ‘ಮೂಲೆ’ ನನಗೆ ಬೇಡವಾಗಿತ್ತು. ದುಡಿದು ತಿನ್ನುತ್ತೇನೆ, ಈ ಮನೆ ಬಿಡುವುದಿಲ್ಲ ಎಂದು ಹಠ ಹಿಡಿದೆ. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಹೊಸದಾಗಿ ರೋಲ್ ಅಂಗಡಿ ತೆರೆದವರೊಬ್ಬರು ಮನೆಯಲ್ಲಿ ಮಾಡಿದ ತೆಳ್ಳನೆಯ ಮೈದಾ ರೊಟ್ಟಿ ಹುಡುಕುತ್ತಿದ್ದರು. ಅದಕ್ಕೆ ಅವರು ಟಾರ್ಟಿಯಾ ಅನ್ನುತ್ತಿದ್ದರು. ಹೂಂ ಅಂದುಬಿಟ್ಟೆ. ಜೋಳದ ರೊಟ್ಟಿ ಬಡಿದೇ ಬೆಳೆದವಳಿಗೆ ಇದ್ಯಾವ ಮಹಾ!

ಮಹಾನೇ ಆಯಿತು. ಜೋಳದ ಹಿಟ್ಟಿಗೆ ಹಾಕುವಂತೆ ಕುದಿಯುವ ನೀರನ್ನೇ ಮೈದಾಕ್ಕೆ ಸುರಿದೆ. ಹಂಚಿನ ಮೇಲೆ ಹಾಕಿ, ಅದೇ ಕೈರೂಢಿಯಲ್ಲಿ ಒದ್ದೆ ಬಟ್ಟೆಯನ್ನೂ ಸವರಿದೆ. ಅಂಗಡಿ ತಲುಪುವಷ್ಟರಲ್ಲಿ ಅವು ಚಪ್ಪಲಿ ತೊಗಲಾಗಿದ್ದವು. ಅಂಗಡಿಯವರು ಒಂದನ್ನು ಮಡಚಿದರು, ಪಟ್ ಅಂತ ಸೀಳಿತು. "ಸೋಮವಾರ ಇನ್ನೊಂದ್ಸಲ ತಗಂಬರ್ರಿ ಅಕ್ಕಾರೆ. ಆಗ್ಲೂ ಹಿಂಗೇ ಆದ್ರೆ ಬ್ಯಾಡ" ಎಂದರು.

ಮನೆಗೆ ಬಂದು ಮತ್ತೆ ಹಿಟ್ಟು ಹರಡಿಕೊಂಡು ಅಳುತ್ತಾ ಕೂತೆ. ಸದ್ದು ಕೇಳಿ ಖಾಲಾ ಬಂದರು.

"ಅಳು ಬೇಟಿ, ಬ್ಯಾಡ ಅನ್ನಲ್ಲ. ಹಿಟ್ಟಿಂದ ದೂರ ಕೂತು ಅಳು. ಅದಕ್ಕೆ ಉಪ್ಪು ಹಾಕಿಯಾಗೈತೆ."

ಅಳುವಿನಲ್ಲೇ ನಗು ಬಂತು. ಮಾಡಿದ್ದನ್ನೆಲ್ಲ ಹೇಳಿದೆ. ಖಾಲಾ ಹಣೆ ಚಚ್ಚಿಕೊಂಡರು. "ಯಾ ಅಲ್ಲಾ! ಮೈದಾಕ್ಕೆ ಜಳಕ ಮಾಡ್ಸೀಯಲ್ಲೇ!"

ಅವರ ಪಾಠದಲ್ಲಿ ಅಳತೆ ಇರಲಿಲ್ಲ. ಒಣ ಹಿಟ್ಟಿಗೆ ಎಣ್ಣೆ ಹಾಕಿ ಉಜ್ಜಿಸಿದರು, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ನೀರಿಗೆ ಬೆರಳು ಅದ್ದಿಸಿದರು. "ಚುರ್ ಅನ್ಬೇಕು, ಸುಡಬಾರ್ದು." ನಾದಿ ಉಂಡೆ ಕಟ್ಟಿ ಮುಚ್ಚಿಟ್ಟ ಮೇಲೆ, "ನನ್ನ ನಮಾಜ್ ಮುಗಿದು ತಸಬಿ ಮಣಿ ಎಣಿಸೋಗಂಟ ಮುಟ್ಟಬ್ಯಾಡ" ಎಂದು ಎದ್ದು ಹೋದರು. ನನಗೆಲ್ಲಿಯ ತಾಳ್ಮೆ? ಒಂದು ಉಂಡೆ ಕದ್ದು ಲಟ್ಟಿಸಿದೆ. ಎಷ್ಟು ಎಳೆದರೂ ಅದು ಮುದುಡಿಕೊಂಡು ವಾಪಸ್ ಬರುತ್ತಿತ್ತು. ಖಾಲಾ ಬಂದವರೇ ಉಂಡೆಗಳ ಮೇಲೆ ಕಣ್ಣಾಡಿಸಿದರು. "ಒಂದು ಎಲ್ಲೋಯ್ತು?" ಮುದುಡಿದ್ದನ್ನು ಅವರ ಮುಂದೆ ಸರಿಸಿದೆ. "ನಾದಿಸ್ಕಂಡು ಸುಸ್ತಾಗಿರ್ತೈತೆ, ಸ್ವಲ್ಪ ಮಲಗಾಕ ಬಿಡು" ಎಂದರು. ಉಳಿದವು ನಿಜಕ್ಕೂ ಹೇಳಿದ ಮಾತು ಕೇಳಿದವು.

ಸೋಮವಾರದವರೆಗೆ ಮೂರು ದಿನ ಖಾಲಾ ನನ್ನನ್ನು ಬಿಡಲಿಲ್ಲ. ಹರಿದದ್ದು, ಸೀದದ್ದು ಎಲ್ಲವನ್ನೂ ಎರಡೂ ಮನೆಯವರು ಸಾರಿನಲ್ಲಿ ಅದ್ದಿ ತಿಂದೆವು. ಹಂಚಿನಿಂದ ಇಳಿದದ್ದನ್ನು ಬಿಸಿ ಇರುವಾಗಲೇ ಒಣ ಬಟ್ಟೆಯಲ್ಲಿ ಸುತ್ತಿಡುವುದನ್ನು ಕೊನೆಯ ದಿನ ಕಲಿಸಿದರು.

ಸೋಮವಾರ ಅಂಗಡಿಯವರು ಮಡಚಿದರು, ಸುರುಳಿ ಸುತ್ತಿದರು, ಬಿಚ್ಚಿ ನೋಡಿದರು. ಒಂದು ಬಿರುಕಿಲ್ಲ. "ನಾಳೆಯಿಂದ ದಿನಾ ತಗಂಬರ್ರಿ" ಎಂದರು. ಬಸ್ಸಿಳಿದು ಓಡುತ್ತಾ ಬಂದು ಹೇಳಿದರೆ ಖಾಲಾ ಹೊಗಳಲೇ ಇಲ್ಲ. "ನಾಳೆದಕ್ಕೆ ಹಿಟ್ಟು ಜರಡಿ ಹಿಡಿದೀಯೇನು?" ಎಂದು ಕೇಳಿದರು. ಅಣ್ಣನಿಗೆ ಅಂದೇ ಫೋನ್ ಮಾಡಿ, ನಾನು ಬರುವುದಿಲ್ಲ ಎಂದೆ.

ಹೋದ ಚಳಿಗಾಲದಲ್ಲಿ ಖಾಲಾ ಹೋಗಿಬಿಟ್ಟರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ, ಅಕ್ಕಪಕ್ಕದವರೇ ಊಟ ಕೊಡಬೇಕು. ಅಂಗಡಿಯ ರೊಟ್ಟಿಯನ್ನು ಎಂದಿನಂತೆ ಕಳಿಸಿ, ಮತ್ತೆ ಹಿಟ್ಟು ನಾದಿದೆ.

ಮಣ್ಣು ಮಾಡಿ ಬಂದ ಅವರ ಮಗ ತಲೆ ಬಗ್ಗಿಸಿಕೊಂಡು ಎರಡು ರೊಟ್ಟಿ ತಿಂದ. ಮೂರನೆಯದನ್ನು ಮುರಿಯುತ್ತಾ, ತಾನೇನು ಕೇಳುತ್ತಿದ್ದೇನೆಂಬ ಅರಿವಿಲ್ಲದೆ ಕೇಳಿದ: "ಅಮ್ಮಿ ಯಾವಾಗ ಮಾಡಿಟ್ಟಿದ್ರು?"

ಒಣ ಬಟ್ಟೆ ಬಿಚ್ಚಿ ಇನ್ನೊಂದು ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿದೆ. ನಾನು ಮಾಡಿದ್ದು ಎಂದಿದ್ದರೂ ಅದು ಪೂರ್ತಿ ನಿಜವಾಗುತ್ತಿರಲಿಲ್ಲ.