ಕಾಲುವೆ ದಂಡೆಯ ಶೂರರು
ನಿವೃತ್ತ ಪೋಸ್ಟ್ ಮಾಸ್ಟರರು ಬೆಟ್ಟ ಹತ್ತುವ ಸೈಕಲ್ ಕೊಂಡು ವರ್ಷವಾಯಿತು. ಅದಕ್ಕಿನ್ನೂ ಬೆಟ್ಟದ ಮುಖ ತೋರಿಸಿಲ್ಲ. ಹೆಲ್ಮೆಟ್, ಕೈಗವಸು, ಕಪ್ಪು ಕನ್ನಡಕ ಏರಿಸಿ ಯುದ್ಧಕ್ಕೆಂಬಂತೆ ಹೊರಡುವ ಸವಾರಿ, ಕಾಲುವೆ ದಂಡೆಯ ಸಪಾಟು ದಾರಿಯಲ್ಲಿ ಬಾತುಕೋಳಿಗೂ ಬೆಲ್ ಹೊಡೆದು, ಅದು ದಾಟುವವರೆಗೆ ಕಾಲೂರಿ ನಿಲ್ಲುತ್ತದೆ. ಸೇತುವೆಯ ಸಣ್ಣ ಏರು ಬಂದರೂ ಇಳಿದು ತಳ್ಳುತ್ತಾರೆ. “ಗೇರ್ ಸವೆಯಬಾರದು ನೋಡಿ” ಎಂದು ವಾಕಿಂಗಿನವರಿಗೆ ಉಪದೇಶ ಬೇರೆ. ಮನೆ ಹತ್ತಿರವಾದಾಗ ಅತ್ತಿತ್ತ ನೋಡಿ, ಕಾಲುವೆಯಂಚಿನ ಕೆಸರನ್ನು ಬೊಗಸೆಯಲ್ಲಿ ತೆಗೆದು ಪ್ಯಾಂಟಿಗೂ ಕೆನ್ನೆಗೂ ಬಳಿದುಕೊಳ್ಳುತ್ತಾರೆ. ಸಾಹಸಿಗಳೆಂದರೆ ಸುಮ್ಮನೆಯೇ! ಒಳಗೆ ಮಂಚದ ಮೇಲಿಂದ ಹೆಂಡತಿ ತೊದಲುತ್ತಾ ಬಯ್ಯುತ್ತಾರೆ: “ಮತ್ತೆ ಬಿದ್ರಾ? ಈ ವಯಸ್ಸಲ್ಲಿ ಬುದ್ಧಿ ಬೇಡ್ವಾ?” ಲಕ್ವ ಹೊಡೆದ ಮೇಲೆ ಮಾತೇ ಬಿಟ್ಟಿರುವ ಆಕೆ ಬಾಯಿ ತೆರೆಯುವುದು ಆ ಕೆಸರು ಕಂಡಾಗ ಮಾತ್ರ.