ಮನೆಮಗಳ ಹೆಸರಿನ ಚಂಡಮಾರುತ

ಹವಾಮಾನ ಕಚೇರಿಯಲ್ಲಿ ಎಲ್ಲರೂ ಅವನನ್ನು ಕರೆಯುವುದು ನಕ್ಷೆಯಣ್ಣ ಎಂದೇ. ಕಡಲಿನಲ್ಲಿ ಎದ್ದ ಚಂಡಮಾರುತ ಯಾವ ಹೊತ್ತಿಗೆ ಎಲ್ಲಿತ್ತು ಎಂದು ನಕ್ಷೆಯ ಮೇಲೆ ಗುರುತು ಹಾಕುವುದು ಇಪ್ಪತ್ತೈದು ವರ್ಷಗಳಿಂದ ಅವನ ಕೆಲಸ. ಕಂಪ್ಯೂಟರ್ ಬಂದ ಮೇಲೂ ಕೆಂಪು ಪೆನ್ಸಿಲ್ ಬಿಟ್ಟವನಲ್ಲ.

ಗಾಳಿಗೇಕಪ್ಪಾ ಹೆಸರು, ಅದನ್ನೇನು ಶಾಲೆಗೆ ಸೇರಿಸಬೇಕೇ ಎಂದು ಯಾರಾದರೂ ಕೇಳಿದರೆ ಸಾಕು, ಅವನ ಪಾಠ ಶುರು. ಹಿಂದೆ ಬರೀ ಅಂಕಿಗಳಲ್ಲಿ ಜಾಗ ಹೇಳುತ್ತಿದ್ದರಂತೆ. ಒಟ್ಟಿಗೆ ಎರಡು ಎದ್ದರಂತೂ ಯಾವ ಎಚ್ಚರಿಕೆ ಯಾವುದಕ್ಕೆ ಎಂದು ದೋಣಿಯವರ ತಲೆ ಕೆಟ್ಟುಹೋಗುತ್ತಿತ್ತಂತೆ. ಹೆಸರಾದರೆ ರೇಡಿಯೋದಲ್ಲಿ ಒಮ್ಮೆ ಕೇಳಿದರೂ ನಾಲಿಗೆಯ ಮೇಲೆ ಕೂತುಬಿಡುತ್ತದೆ. ಅದಕ್ಕೇ ಕಡಲ ಸುತ್ತಲಿನ ದೇಶಗಳೆಲ್ಲ ಮೊದಲೇ ಹೆಸರು ಕೊಟ್ಟು ಪಟ್ಟಿ ಮಾಡಿಟ್ಟಿರುತ್ತವೆ. ಒಂದೊಂದು ಎದ್ದಂತೆ ಸರದಿಯ ಮುಂದಿನ ಹೆಸರು. ಅದು ಚಿಕ್ಕದಿರಬೇಕು, ಸಲೀಸಾಗಿ ಬಾಯಿಗೆ ಬರಬೇಕು, ಯಾರ ಮನಸ್ಸನ್ನೂ ನೋಯಿಸಬಾರದು.

ಒಂಬತ್ತು ವರ್ಷದ ಹಿಂದೆ, ಸಂಜೆಯೊಳಗೆ ಒಂದು ಹೆಸರು ಕಳಿಸಿ ಎಂದು ಮೇಲಿನಿಂದ ಪತ್ರ ಬಂದಾಗ, ಸಾಹೇಬರು ಅದನ್ನು ಅವನ ತಲೆಗೆ ಕಟ್ಟಿದರು. ಮಗಳಿಗಾಗ ಐದು ವರ್ಷ. ಮನೆಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದರು. ಹಿಂದೆಮುಂದೆ ನೋಡದೆ ಅದನ್ನೇ ಬರೆದ. ಹೆಸರಿಗೆ ಒಪ್ಪಿಗೆಯೂ ಸಿಕ್ಕಿತು. ಆಮೇಲೆ ಕೇಳಬೇಕೇ, ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಡಲದಂಡೆಯಲ್ಲಿದ್ದ ಅಕ್ಕನ ಮನೆಗೂ ಹೋಗಿ ಜಂಬ ಕೊಚ್ಚಿಕೊಂಡು ಬಂದ. ದೋಣಿ ರಿಪೇರಿ ಮಾಡುವ ಭಾವ ಗುಬ್ಬಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯೆಲ್ಲ ಸುತ್ತಿದ.

ಈ ವರ್ಷ ಗುಬ್ಬಿಯ ಸರದಿ ಬಂತು. ನಕ್ಷೆಯ ಮೇಲೆ ಕೆಂಪು ಗುರುತುಗಳು ನೆಟ್ಟಗೆ ಅಕ್ಕನ ಊರಿನ ಕಡೆಗೇ ಸಾಗಿದವು. ಮೂರನೆಯ ದಿನ ಬೆಳಿಗ್ಗೆ ಅವನು ಭಾವನಿಗೆ ಫೋನ್ ಮಾಡಿ, ಈಗಲೇ ಮನೆ ಬಿಟ್ಟು ಶಾಲೆಯ ಕಟ್ಟಡಕ್ಕೆ ಹೋಗಿಬಿಡಿ ಎಂದ.

"ಸೊಸೆ ಮನೆಗೆ ಬರ್ತಿದ್ದಾಳೆ ಕಣಯ್ಯಾ, ಬಾಗಿಲು ಹಾಕ್ಕೊಂಡು ಓಡಿಹೋಗೋಕಾಗುತ್ತಾ?" ಎಂದ ಭಾವ.

ನಕ್ಷೆಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ನಗು ನಿಲ್ಲುವಷ್ಟರಲ್ಲಿ ಭಾವ ಫೋನ್ ಇಟ್ಟಾಗಿತ್ತು. ಮತ್ತೆ ಮಾಡಬಹುದಿತ್ತು. ಮಾಡಲಿಲ್ಲ, ಪಕ್ಕದ ಮೇಜಿನವರಿಗೆ ಭಾವನ ಮಾತು ಹೇಳಿ ಅವರನ್ನೂ ನಗಿಸಿದ. ಮಧ್ಯಾಹ್ನ ಅಕ್ಕ ನೆರೆಯವರ ಜೊತೆ ಶಾಲೆಗೆ ಹೋದಳು. ದೋಣಿಗಳಿಗೆ ಇನ್ನೊಂದು ಹಗ್ಗ ಬಿಗಿದು ಬರುತ್ತೇನೆ ಎಂದು ಭಾವ ಹಿಂದೆ ಉಳಿದ. ನಾಲ್ಕು ಗಂಟೆಗೆ ದೋಣಿ ಶೆಡ್ಡಿನ ಗೋಡೆ ಅವನ ಮೇಲೆ ಬಿತ್ತು.

ಈಗ ಅಕ್ಕ ತಮ್ಮನ ಮನೆಯಲ್ಲಿದ್ದಾಳೆ. ಮಾತಾಡಿಸಲು ಬಂದವರಿಗೆಲ್ಲ ಅವಳದು ಒಂದೇ ಮಾತು: ತಮ್ಮ ಬಾಯಿ ಬಡ್ಕೊಂಡ, ಇವರೇ ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ಕಿವಿಗೆ ಬಿದ್ದಾಗಲೆಲ್ಲ ನಕ್ಷೆಯಣ್ಣ ಏನೋ ನೆಪ ಹೇಳಿ ಎದ್ದು ಹೋಗುತ್ತಾನೆ. ತಾನು ಬಾಯಿ ಬಡಿದುಕೊಳ್ಳಲಿಲ್ಲ, ಹಲ್ಲು ಕಿರಿದೆ ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಮಗಳಂತೂ ಗುಬ್ಬಿ ಎಂದರೆ ತಿರುಗಿಯೂ ನೋಡುವುದಿಲ್ಲ.

ಮೊನ್ನೆ ಇನ್ನೊಂದು ಪತ್ರ ಬಂತು. ಬಹಳ ಜೀವಹಾನಿ ಮಾಡಿದ ಹೆಸರನ್ನು ಮತ್ತೆ ಬಳಸುವುದಿಲ್ಲ, ಗುಬ್ಬಿಯನ್ನು ಪಟ್ಟಿಯಿಂದ ತೆಗೆದಿದ್ದೇವೆ, ಬದಲಿಗೆ ಬೇರೆ ಹೆಸರು ಕೊಡಿ. ಸಾಹೇಬರು ತಲೆ ತಗ್ಗಿಸಿಕೊಂಡೇ ಅದನ್ನು ಅವನ ಮೇಜಿನ ಮೇಲಿಟ್ಟು ಹೋದರು. ಅವನು ಮಡಚಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದ. ಅಕ್ಕ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಕೂತ.

"ಅಕ್ಕಾ, ಅವತ್ತು ಭಾವನ ಮಾತಿಗೆ ನಾನು ನಕ್ಕುಬಿಟ್ಟೆ. ಮತ್ತೆ ಫೋನ್ ಮಾಡ್ಲಿಲ್ಲ."

ಅಕ್ಕನ ಕೈ ನಿಲ್ಲಲಿಲ್ಲ.

"ಗೊತ್ತು. ನಿನ್ನ ನಗು ಫೋನಿಂದ ನನಗೂ ಕೇಳಿಸ್ತು. ಬಂದೋರ ಮುಂದೆಲ್ಲ ನಿನ್ನ ಮಾನ ಕಳೀಲಾ?" ಇನ್ನೊಂದು ಕಟ್ಟು ಸೊಪ್ಪು ಬಿಚ್ಚುತ್ತ ಅಂದಳು, "ನಾನೂ ನಕ್ಕೆ ಕಣೋ. ಪಕ್ಕದಲ್ಲೇ ನಿಂತಿದ್ದೆ."

ಅವನು ಪತ್ರವನ್ನು ತೆಗೆದು ತೋರಿಸಿದ. ಅಕ್ಕ ಓದಿ, ಕೈಗಂಟಿದ್ದ ಮಣ್ಣು ತಾಗದಂತೆ ತುದಿಬೆರಳಲ್ಲಿ ಹಿಂದಕ್ಕೆ ಕೊಟ್ಟಳು. ಈ ಸಲ ಕೇಳಿದರೆ ಯಾರಿಗೂ ನಗು ಬರದಂಥ ಹೆಸರು ಬರಿ ಎಂದಳು.

ನಕ್ಷೆಯಣ್ಣ ಪೆನ್ನು ಹಿಡಿದು ಕೂತ. ಹೊಳೆದ ಹೆಸರೆಲ್ಲ ಯಾರದೋ ಮನೆಯ ಮಗುವಿನದು.