ಓಡಬೇಕಾದ ರಾಕ್ಷಸ

ಅದೆಮಿರ್ ಹಳೆಯ ಮನೆಗಳನ್ನು ಕೆಡವುವ ಕೆಲಸದವನು. ಜಪಾನಿನ ಐಚಿ ಸೀಮೆಯ ಆ ವಠಾರದಲ್ಲಿ ಅರ್ಧಕ್ಕರ್ಧ ಅವನಂತೆ ಬ್ರೆಜಿಲಿನವರೇ. ಅವರಲ್ಲೆಲ್ಲ ಅವನ ಕೈ ಹೆಸರುವಾಸಿ. ಸುತ್ತಿಗೆ ಹಿಡಿದು ಹಿಡಿದು ಆ ಬೆರಳುಗಳು ಪೂರ್ತಿ ಬಿಚ್ಚಿಕೊಳ್ಳುತ್ತಲೇ ಇರಲಿಲ್ಲ. ಊಟಕ್ಕೆ ಕುಳಿತಾಗಲೂ ಅರ್ಧ ಮುಷ್ಟಿ ಕಟ್ಟಿದಂತೆಯೇ ಕಾಣುತ್ತಿದ್ದವು.

ಹಿಂದಿನ ವರ್ಷ ಅದೇ ಕೈ ಮೇಸ್ತ್ರಿಯೊಬ್ಬನ ದವಡೆ ಮುರಿದಿತ್ತು. ಮೇಸ್ತ್ರಿ ಅವನ ಸತ್ತ ತಾಯಿಯ ಬಗ್ಗೆ ಹೊಲಸು ಮಾತಾಡಿದ್ದ. ಪೊಲೀಸರು ಬಂದರು, ಕೇಸಾಯಿತು. ಕೊನೆಗೆ ವಕೀಲ ಹೇಳಿದ: "ಇನ್ನೊಂದು ಸಲ ಯಾರ ಮೇಲಾದ್ರೂ ಕೈ ಎತ್ತಿದ್ರೆ ನಿನ್ನ ವೀಸಾ ಮುಗೀತು. ವಿಮಾನ ಹತ್ತಿಸ್ತಾರೆ, ಅಷ್ಟೆ."

ಹೆಂಡತಿ ಕಿಯೋಮಿಯ ಅಜ್ಜ ಜಪಾನಿನವನು. ಅವಳಿಗೂ ಮಗಳು ತಲಿತಾಳಿಗೂ ಇರಲು ತೊಂದರೆಯಿಲ್ಲ. ಹೋಗಬೇಕಾದವನು ಅವನೊಬ್ಬನೇ.

ಫೆಬ್ರವರಿ ಬಂತು. ರಾಕ್ಷಸನಿಗೆ ಹುರಿದ ಸೋಯಾ ಕಾಳು ಎಸೆದು ಹೊರಗಟ್ಟುವ ಹಬ್ಬ. ವಠಾರದ ಸಂಘದ ಅಧ್ಯಕ್ಷ ಕುವಾಬಾತ ಮನೆ ಬಾಗಿಲಿಗೆ ಬಂದರು. ಪ್ರತಿ ವರ್ಷ ರಾಕ್ಷಸನ, ಅಂದರೆ 'ಓನಿ'ಯ ಮುಖವಾಡ ಹಾಕುತ್ತಿದ್ದವರು ಅವರೇ.

"ಸೊಂಟ ಹಿಡ್ಕೊಂಡುಬಿಟ್ಟಿದೆ, ಅದೆಮಿರ್ ಅವರೇ. ಈ ಸಲ ಓನಿ ನೀವೇ ಆಗ್ಬೇಕು. ಮೈಕಟ್ಟಂತೂ ಹೇಳಿ ಮಾಡಿಸಿದ ಹಾಗಿದೆ."

ಅವರು ಅತ್ತ ಹೋಗಿದ್ದೇ ತಡ, ಕಿಯೋಮಿ ಸಿಡುಕಿದಳು. "ರಾಕ್ಷಸ ಆಗು ಅಂದ್ರೆ ಹಲ್ಲು ಕಿರಿದು ಹೂಂ ಅಂದ್ಯಲ್ಲ, ನಾಚಿಕೆ ಆಗಲ್ವಾ?"

"ಒಂದು ವರ್ಷದಿಂದ ನನ್ನ ಕಂಡ್ರೆ ಎಲ್ರೂ ಲಿಫ್ಟಿಂದ ಇಳಿದು ಹೋಗ್ತಾರೆ ಕಣೇ. ಈಗ ತಾವಾಗೇ ಬಂದು ಕರೆದಿದ್ದಾರೆ. ಅಲ್ದೆ, ಮುಖವಾಡದಾಟ ನಂಗೆ ಯಾರಾದ್ರೂ ಹೇಳ್ಕೊಡ್ಬೇಕಾ?"

ಬ್ರೆಜಿಲಿನ ಬಹಿಯಾ ಸೀಮೆಯ ಅವನ ಊರಿನಲ್ಲಿ ಕಾರ್ನಿವಲ್ ಬಂತೆಂದರೆ ಮುಖವಾಡದವರು ಚಾಟಿ ಬೀಸುತ್ತ ಬೀದಿಗಿಳಿಯುತ್ತಾರೆ. ಮಕ್ಕಳು ಕಿರುಚಿಕೊಂಡು ಓಡಬೇಕು. ಹೆಚ್ಚು ಮಕ್ಕಳನ್ನು ಅಳಿಸಿದವನೇ ಆ ವರ್ಷದ ಗಂಡು. ಅದೆಮಿರ್ ತನ್ನ ಅಗಲದ ಚರ್ಮದ ಬೆಲ್ಟಿಗೆ ಎಣ್ಣೆ ಸವರಿ ಇಟ್ಟುಕೊಂಡ. ಇಲ್ಲಿಯ ಓನಿ ತಲೆ ಮುಚ್ಚಿಕೊಂಡು, ಗೋಳಾಡುತ್ತ, ತಾನೇ ಓಡಿ ಹೋಗಬೇಕೆಂದು ಅವನಿಗೆ ಯಾರೂ ಹೇಳಲಿಲ್ಲ. ಇಲ್ಲಿ ಹುಟ್ಟಿದವರಿಗೆ ಅದು ಹೇಳುವ ಸಂಗತಿಯೇ ಅಲ್ಲ.

ಭಾನುವಾರ ಬೆಳಿಗ್ಗೆ ಮೈದಾನದ ತುಂಬ ಮಕ್ಕಳು. "ಓನಿ ಹೊರಗೆ! ಭಾಗ್ಯ ಒಳಗೆ!" ಎಂದು ಕಾಳು ಎರಚಿದರು. ಅದೆಮಿರ್ ಗೂಳಿಯಂತೆ ಗುಟುರು ಹಾಕಿ, ಬೆಲ್ಟನ್ನು ನೆಲಕ್ಕೆ ಚಟೀರೆಂದು ಬಾರಿಸಿ, ಅವರ ನಡುವೆ ನುಗ್ಗಿದ. ನಗು ಗಕ್ಕನೆ ನಿಂತಿತು. ಮಕ್ಕಳು ಒಂದರ ಮೇಲೊಂದು ಬಿದ್ದವು. ಒಂದು ಪುಟ್ಟ ಹುಡುಗಿ ಮೆಟ್ಟಿಲಿಗೆ ಮುಖ ಬಡಿದುಕೊಂಡಳು. ತುಟಿ ಒಡೆದು ರಕ್ತ ಗಲ್ಲಕ್ಕಿಳಿಯಿತು. ಅದೆಮಿರ್ ಮುಖವಾಡದೊಳಗೆ ನಗುತ್ತ ಮತ್ತೊಮ್ಮೆ ಬೆಲ್ಟ್ ಬೀಸಿದ. ಊರಿನಲ್ಲಾಗಿದ್ದರೆ ಈಗ ಚಪ್ಪಾಳೆ ಬೀಳಬೇಕಿತ್ತು.

ಬಿದ್ದದ್ದು ಪೊರಕೆಯ ಬಿದಿರು ಹಿಡಿ. ಹುಡುಗಿಯ ಅಪ್ಪ ಶಿಮೊತೊರಿ ಎರಡೂ ಕೈಯಲ್ಲಿ ಎತ್ತಿ ಬಾರಿಸಿದ್ದ. ಮುಖವಾಡ ಬಿರಿದು ಅದರ ಚೂರು ಹುಬ್ಬಿನೊಳಗೆ ಹೊಕ್ಕಿತು.

"ಮಕ್ಕಳ ಮೇಲೆ ಚಾಟಿ ಬೀಸ್ತೀಯೇನೋ, ನಾಯಿ!"

"ಆಟ... ಆಟ ಇದು!" ಅದೆಮಿರನಿಗೆ ಬೇರೆ ಜಪಾನಿ ಮಾತು ನೆನಪಾಗಲಿಲ್ಲ.

"ಮೇಸ್ತ್ರಿ ದವಡೆ ಮುರಿದೋನು ಇವ್ನೇ! ಬಿಡಬೇಡಿ!" ಇನ್ನೊಬ್ಬ ಹಿಂದಿನಿಂದ ಮೊಣಕಾಲಿಗೆ ಒದ್ದ. ಬೆಲ್ಟ್ ಕೈಜಾರಿ ಅವನು ಕುಸಿದ. ಪಕ್ಕೆಗೆ ಬೂಟು, ಬೆನ್ನಿಗೆ ಬಿದಿರು. ಯಾರೋ ಕಾಳಿನ ಬದಲು ಜಲ್ಲಿ ಎರಚಿದರು. ಹಲ್ಲಿಗೆ ತಾಗಿ ಬಾಯಿ ಉಪ್ಪಾಯಿತು. ಕಣ್ಣಿಗೆ ರಕ್ತ ಇಳಿಯುತ್ತಿದ್ದಂತೆ ಅವನು ಎದ್ದು ನಿಂತ. ಎಡಗೈ ಶಿಮೊತೊರಿಯ ಕುತ್ತಿಗೆಪಟ್ಟಿ ಹಿಡಿದಿತ್ತು. ಬಲಗೈ ಹಿಂದಕ್ಕೆ ಹೋಗಿ ಕಲ್ಲಿನಂತೆ ಗಟ್ಟಿಯಾಯಿತು. ಈ ದವಡೆಯೂ ಎಲ್ಲಿ ಒಡೆಯುತ್ತದೆಂದು ಆ ಕೈಗೆ ಗೊತ್ತಿತ್ತು.

ಆಗ ಅವನ ಮುಖಕ್ಕೆ ಹಿಡಿಗಟ್ಟಲೆ ಕಾಳು ರಪ್ಪನೆ ಬಡಿಯಿತು. ಎದುರಿಗೆ ತಲಿತಾ. "ಓನಿ ಹೊರಗೆ!" ಎಂದು ಗಂಟಲು ಹರಿಯುವಂತೆ ಜಪಾನಿಯಲ್ಲಿ ಕೂಗಿದಳು. ಮತ್ತೆ ತಮ್ಮ ಭಾಷೆಯಲ್ಲಿ: "ಓಡಪ್ಪ! ಇಲ್ಲಿ ಓನಿನೇ ಓಡೋದು! ಓಡು!"

ಪಟ್ಟಿ ಹಿಡಿದ ಬೆರಳುಗಳು ಒಂದೊಂದಾಗಿ ಬಿಟ್ಟವು. ಅವನು ತಲೆ ಮುಚ್ಚಿಕೊಂಡು ಓಡಿದ. ಬೆನ್ನಿಗೆ ಬಿದಿರು ಬಿತ್ತು, ಓಡಿದ. ಏನೂ ತಿಳಿಯದ ಹಿಂದಿನ ಸಾಲಿನ ಮುದುಕಿಯರು ಚಪ್ಪಾಳೆ ತಟ್ಟಿದರು.

ಸೈಕಲ್ ನಿಲ್ದಾಣದ ಹಿಂದೆ ಯಾರೂ ಕಾಣಲಿಲ್ಲ. ಕಟ್ಟಿದ ಮುಷ್ಟಿ ಬಿಚ್ಚಲೊಲ್ಲದು. ಕಾಂಕ್ರೀಟ್ ಗೋಡೆಗೆ ಗುದ್ದಿದ, ಮತ್ತೆ ಗುದ್ದಿದ, ಗೆಣ್ಣಿನ ಚರ್ಮ ಕಿತ್ತು ಬಿಳಿ ಕಾಣುವವರೆಗೂ ಗುದ್ದಿದ.

ಬಾಗಿಲು ತೆಗೆದ ಕಿಯೋಮಿ ಮುಖ ನೋಡಲೇ ಇಲ್ಲ, ಕೈ ನೋಡಿದಳು.

"ಯಾರಿಗೆ ಹೊಡೆದೆ?"

"ಗೋಡೆಗೆ."

"ಸುಳ್ಳು ಹೇಳ್ಬೇಡ. ಯಾರಿಗೆ?"

ಹಿಂದಿನಿಂದ ಏದುಸಿರು ಬಿಡುತ್ತ ಬಂದ ತಲಿತಾ ಅಪ್ಪನ ಕಾಲರಿನೊಳಗಿಂದ ಒಂದು ಕಾಳು ಹೆಕ್ಕಿ ಬಾಯಿಗೆ ಹಾಕಿಕೊಂಡಳು. "ಗೋಡೆಗೇ ಅಮ್ಮಾ, ಹಿಂದೆನೇ ಓಡಿದ್ದೆ, ನಾನೇ ನೋಡ್ದೆ. ಗೋಡೆ ದೂರು ಕೊಡಲ್ಲ ಬಿಡು."

ಕಿಯೋಮಿ ಆ ಕೈಯನ್ನು ಎಳೆದುಕೊಂಡು, ನಲ್ಲಿಯ ಕೆಳಗಿಟ್ಟು, ಒಂದೊಂದೇ ಬೆರಳನ್ನು ಬಿಡಿಸತೊಡಗಿದಳು.